ಮಾಲೆ ತೆಗೆದ ಮರುದಿನ

ನವೆಂಬರ್ ನಡುವಿನಿಂದ ಸಂಕ್ರಾಂತಿಯವರೆಗೆ ನಮ್ಮ ಊರುಗಳ ಬಾರುಗಳಲ್ಲಿ ಕೆಲವು ಕುರ್ಚಿಗಳು ಖಾಲಿ ಇರುತ್ತವೆ. ಅಲ್ಲಿ ಕೂರುತ್ತಿದ್ದವರು ಕಪ್ಪು ಪಂಚೆ ಉಟ್ಟು, ಕೊರಳಿಗೆ ಮಾಲೆ ಹಾಕಿಕೊಂಡು, ನಸುಕಿನಲ್ಲೇ ತಣ್ಣೀರು ಮಿಂದು, ಎದುರಾದವರನ್ನೆಲ್ಲ ‘ಸ್ವಾಮಿ’ ಎನ್ನುತ್ತ ಓಡಾಡುತ್ತಿರುತ್ತಾರೆ. ನಲವತ್ತೊಂದು ದಿನ ಒಂದು ತೊಟ್ಟೂ ಬಾಯಿಗೆ ಬೀಳುವುದಿಲ್ಲ. ಮನೆಯಲ್ಲಿ ಜಗಳವಿಲ್ಲ, ಮಕ್ಕಳು ಅಪ್ಪನ ಪಕ್ಕದಲ್ಲಿ ಕೂತು ಊಟ ಮಾಡುತ್ತವೆ, ಸಂಬಳ ಪೂರ್ತಿಯಾಗಿ ಹೆಂಡತಿಯ ಕೈ ಸೇರುತ್ತದೆ. ಶಬರಿಮಲೆಗೆ ಹೋಗಿ ಬಂದು ಮಾಲೆ ತೆಗೆದ ಮರುದಿನ ಸಂಜೆ ಅದೇ ಕುರ್ಚಿ ಮತ್ತೆ ತುಂಬುತ್ತದೆ. “ಇಷ್ಟು ದಿನ ಬಿಟ್ಟಿದ್ದವನಿಗೆ ಇವತ್ತೇನು ಬಂತು ಧಾಡಿ?” ಎಂದು ಮನೆಯವರು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆಯೇ. ವ್ಯಸನವೆಂಬ ಕಾಯಿಲೆಯ ಬಗ್ಗೆ ತಿಳಿಯಬೇಕಾದ್ದರಲ್ಲಿ ಮುಕ್ಕಾಲು ಪಾಲು ಇದರ ಉತ್ತರದಲ್ಲೇ ಇದೆ.

ಕುಡಿತ ನಿಲ್ಲಿಸುವುದು ಒಂದು ಕೆಲಸ, ನಿಲ್ಲಿಸಿದ ಮೇಲೆ ಹಾಗೇ ಉಳಿಯುವುದು ಇನ್ನೊಂದು ಕೆಲಸ. ಮೊದಲನೆಯದಕ್ಕೆ ವಾರ, ಹತ್ತು ದಿನ ಸಾಕು. ಎರಡನೆಯದು ವರ್ಷಗಟ್ಟಲೆ ಎಳೆಯುತ್ತದೆ. ಮಾಲೆ ಹಾಕಿದಾಗ ಹಾಗೆ ಉಳಿಯಲು ಬೇಕಾದ್ದೆಲ್ಲ ಒಟ್ಟಿಗೇ ಒದಗಿಬರುತ್ತದೆ. ದಿನಚರಿ ಬದಲಾಗುತ್ತದೆ, ಜೊತೆಗಾರರು ಬದಲಾಗುತ್ತಾರೆ, ಸಂಜೆ ಏಳಕ್ಕೆ ಭಜನೆಗೆ ಹೋಗಬೇಕಿರುತ್ತದೆ. ಊರಿನವರು ಗೌರವ ಕೊಡುತ್ತಾರೆ. ‘ಒಂದು ನೈಂಟಿ ಹಾಕೋಣ ಬಾರೋ’ ಎಂದು ಕರೆಯುತ್ತಿದ್ದ ಗೆಳೆಯನೇ ಬಂದು ಕಾಲಿಗೆ ಬೀಳುತ್ತಾನೆ. ಮಾಲೆ ತೆಗೆದ ದಿನ ಇವೆಲ್ಲ ಒಟ್ಟಿಗೇ ಹೋಗುತ್ತವೆ. ವ್ಯಸನಮುಕ್ತಿ ಕೇಂದ್ರದಿಂದ ಮನೆಗೆ ಬಂದವನ ಪಾಡೂ ಎಷ್ಟೋ ಸಲ ಇದೇ. ಕೇಂದ್ರ ಹುಡುಕುವ ಮನೆಯವರು “ಎಷ್ಟು ದಿನ ಒಳಗಿಟ್ಟುಕೊಳ್ಳುತ್ತೀರಿ?” ಎಂದು ಮೊದಲು ಕೇಳುತ್ತಾರೆ. ಮೊದಲು ಕೇಳಬೇಕಾದ್ದು, “ಹೊರಗೆ ಬಂದ ಮೇಲೆ ಎಷ್ಟು ದಿನ ನೋಡಿಕೊಳ್ಳುತ್ತೀರಿ?” ಎಂಬುದು. ಈ ಲೇಖನದಲ್ಲಿ ನಾನು ಹೇಳಹೊರಟಿರುವುದು ಇಷ್ಟೇ. ಉಳಿದದ್ದು ಅದಕ್ಕೆ ಕಾರಣಗಳು.

ಮಾಲೆ ಹಾಕಿದವರಲ್ಲಿ ಇನ್ನೊಂದು ಬಗೆಯವರೂ ಇದ್ದಾರೆ. ಅವರಿಗೆ ಮರುದಿನವೇ ಕೈ ನಡುಗಲು ಶುರುವಾಗುತ್ತದೆ. ಬೆವರು, ವಾಂತಿ, ನಿದ್ದೆಯಿಲ್ಲ. ಕೆಲವರಿಗೆ ಎರಡು ದಿನದೊಳಗೆ ಫಿಟ್ಸ್ ಬರುತ್ತದೆ. ಮೂರನೇ ರಾತ್ರಿ ಇಲ್ಲದವರ ಜೊತೆ ಮಾತಾಡುತ್ತಾರೆ, ಮೈಮೇಲೆ ಹುಳ ಹರಿದಂತಾಗಿ ಒದರಿಕೊಳ್ಳುತ್ತಾರೆ, ಎಲ್ಲಿದ್ದೇನೆ ಎಂಬುದೇ ತಿಳಿಯುವುದಿಲ್ಲ. ವ್ರತ ಕೆಟ್ಟಿತು, ದೇವರು ಮೈಮೇಲೆ ಬಂತು ಎಂದು ಸುತ್ತಲಿನವರು ಅರ್ಥ ಮಾಡಿಕೊಳ್ಳುತ್ತಾರೆ. ವೈದ್ಯರು ಇದನ್ನು ಡೆಲಿರಿಯಂ ಟ್ರೆಮೆನ್ಸ್ ಎನ್ನುತ್ತಾರೆ. ಚಿಕಿತ್ಸೆ ಸಿಗದಿದ್ದರೆ ಜೀವಕ್ಕೇ ಅಪಾಯ. ಕಾಲು ಮುರಿದು ಆಸ್ಪತ್ರೆಗೆ ಸೇರಿದವರಲ್ಲಿ, ಜೈಲಿಗೆ ಹೋದವರಲ್ಲಿ ಮೂರನೇ ದಿನ ಇದು ಕಾಣಿಸಿಕೊಳ್ಳುವುದುಂಟು. ಎಷ್ಟು ಕುಡಿಯುತ್ತಿದ್ದರು ಎಂದು ಯಾರೂ ಕೇಳಿರುವುದಿಲ್ಲ, ಮನೆಯವರು ನಾಚಿಕೆಯಿಂದ ಹೇಳಿರುವುದಿಲ್ಲ.

ಇದು ಯಾಕೆ ಆಗುತ್ತದೆ? ಮಿದುಳಿನಲ್ಲಿ ಗಾಬಾ ಎಂಬ ರಾಸಾಯನಿಕ ನರಗಳನ್ನು ತಣ್ಣಗಿಡುತ್ತದೆ, ಗ್ಲುಟಮೇಟ್ ಎಂಬುದು ಚುರುಕಾಗಿಸುತ್ತದೆ. ಮದ್ಯ ಮೊದಲನೆಯದಕ್ಕೆ ಬಲ ಕೊಟ್ಟು ಎರಡನೆಯದನ್ನು ಅದುಮುತ್ತದೆ. ವರ್ಷಗಟ್ಟಲೆ ದಿನಾ ಹೀಗಾದರೆ ಮಿದುಳು ಅದಕ್ಕೆ ತಕ್ಕ ಹಾಗೆ ತನ್ನನ್ನು ತಾನೇ ಬದಲಾಯಿಸಿಕೊಳ್ಳುತ್ತದೆ. ಹ್ಯಾಂಡ್‌ಬ್ರೇಕ್ ಎಳೆದಿರುವಾಗಲೇ ಆಕ್ಸಿಲರೇಟರ್ ತುಳಿದು ಗಾಡಿ ಓಡಿಸಿ ರೂಢಿಯಾದವನು ಬ್ರೇಕ್ ತಟ್ಟನೆ ಬಿಟ್ಟರೆ ಏನಾಗುತ್ತದೋ ಅದೇ ಇಲ್ಲೂ ಆಗುತ್ತದೆ. ಲೊರಾಜೆಪಾಮ್, ಕ್ಲೋರ್‌ಡಯಾಜೆಪಾಕ್ಸೈಡ್‌ನಂಥ ಮಾತ್ರೆಗಳನ್ನು ಮೊದಲು ಸಾಕಷ್ಟು ಕೊಟ್ಟು, ವಾರ ಹತ್ತು ದಿನದಲ್ಲಿ ಇಳಿಸುತ್ತ ಬಂದು ನಿಲ್ಲಿಸಿದರೆ ಈ ಹಂತ ದಾಟುತ್ತದೆ. ಜೊತೆಗೆ ಥಯಾಮಿನ್, ಅಂದರೆ ಬಿ1 ಜೀವಸತ್ವ, ಬೇಕೇ ಬೇಕು. ಊಟ ಬಿಟ್ಟು ಕುಡಿಯುವವರಲ್ಲಿ ಅದು ಬರಿದಾಗಿರುತ್ತದೆ. ಅಂಥವರಿಗೆ ಥಯಾಮಿನ್ ಕೊಡದೆ ಬರೀ ಗ್ಲೂಕೋಸ್ ಏರಿಸಿದರೆ ಮಿದುಳಿಗೆ ಪೆಟ್ಟು ಬೀಳುವ ಅಪಾಯವಿದೆ. ನೆನಪಿನ ಶಕ್ತಿ ಶಾಶ್ವತವಾಗಿ ಹೋಗಿಬಿಡಬಹುದು. ‘ಸುಸ್ತಾಗಿದ್ದಾನೆ, ಎರಡು ಬಾಟ್ಲಿ ಡ್ರಿಪ್ಸ್ ಹಾಕಿಸಿ’ ಎಂಬುದು ನಮ್ಮ ಊರುಗಳಲ್ಲಿ ಎಲ್ಲದಕ್ಕೂ ಇರುವ ಮದ್ದಾದ್ದರಿಂದ ಇದನ್ನು ಒತ್ತಿ ಹೇಳುತ್ತಿದ್ದೇನೆ.

2020ರ ಮಾರ್ಚ್ 25ರಂದು ಕೊರೊನಾ ಲಾಕ್‌ಡೌನ್‌ನಿಂದ ದೇಶಕ್ಕೆ ದೇಶವೇ ಬಾಗಿಲು ಹಾಕಿಕೊಂಡಾಗ, ಕುಡಿತ ತಟ್ಟನೆ ನಿಂತವರ ಈ ಪಾಡು ದೊಡ್ಡ ಪ್ರಮಾಣದಲ್ಲಿ ಕಣ್ಣಿಗೆ ಬಿತ್ತು. ಕೇರಳ ಸರ್ಕಾರ ವೈದ್ಯರ ಚೀಟಿ ಇದ್ದವರಿಗೆ ಮದ್ಯ ಕೊಡಲು ಹೊರಟಿತು. ವೈದ್ಯರ ಸಂಘಟನೆಗಳು ವಿರೋಧಿಸಿದವು, ಹೈಕೋರ್ಟ್ ತಡೆ ಕೊಟ್ಟಿತು. ಇದಕ್ಕೆ ಮಾತ್ರೆ ಇದೆ, ಮದ್ಯ ಬೇಕಿಲ್ಲ ಎಂಬುದು ವೈದ್ಯರ ವಾದ. ಕರ್ನಾಟಕದಲ್ಲಿ ಮೇ 4ರಂದು ಅಂಗಡಿ ತೆರೆದಾಗ ಬಿಸಿಲಲ್ಲಿ ನಿಂತ ಉದ್ದುದ್ದ ಸಾಲನ್ನು ಟಿವಿಯಲ್ಲಿ ನೋಡಿ ನಕ್ಕವರು ಬಹಳ. ಆ ಸಾಲಿನಲ್ಲಿ ಮೋಜಿಗೆ ನಿಂತವರೂ ಇದ್ದರು, ಕೈ ನಡುಕ ನಿಲ್ಲಿಸಿಕೊಳ್ಳಲು ನಿಂತವರೂ ಇದ್ದರು. ಎರಡನೆಯವರು ರೋಗಿಗಳು.

ಕುಡಿಯುವವರೆಲ್ಲ ರೋಗಿಗಳೇ? ಅಲ್ಲ. ಗೆರೆ ಎಲ್ಲಿದೆ ಎಂದು ತಿಳಿಯಲು ವೈದ್ಯರು ಕೇಳುವ ಸುಲಭದ ಪ್ರಶ್ನೆಗಳು ನಾಲ್ಕು. ಕಡಿಮೆ ಮಾಡಬೇಕು ಅಂತ ನಿಮಗೇ ಅನಿಸಿದೆಯೇ? ಯಾರಾದರೂ ಕುಡಿತದ ಮಾತೆತ್ತಿದರೆ ಸಿಟ್ಟು ಬರುತ್ತದೆಯೇ? ಕುಡಿದದ್ದಕ್ಕೆ ತಪ್ಪಿತಸ್ಥ ಭಾವ ಕಾಡುತ್ತದೆಯೇ? ಬೆಳಿಗ್ಗೆ ಎದ್ದ ಕೂಡಲೇ ಮೈ ಸರಿಮಾಡಿಕೊಳ್ಳಲು ಒಂದು ಗುಟುಕು ಬೇಕಾಗುತ್ತದೆಯೇ? ಎರಡಕ್ಕೆ ಹೌದು ಎಂದರೆ ವೈದ್ಯರನ್ನು ಕಾಣುವುದು ಒಳ್ಳೆಯದು. ನಾಲ್ಕನೆಯದಕ್ಕೆ ಹೌದು ಎಂದವರು ತಾವಾಗಿಯೇ ತಟ್ಟನೆ ಬಿಡುವ ಸಾಹಸಕ್ಕೆ ಕೈಹಾಕಬಾರದು.

ಮದ್ಯವೇ ಆಗಲಿ, ಗಾಂಜಾ ಆಗಲಿ, ಮಾತ್ರೆಯಾಗಲಿ, ಮಿದುಳಿನಲ್ಲಿ ಡೋಪಮಿನ್ ಹೆಚ್ಚಿಸಿ ‘ಇದು ಮುಖ್ಯ, ಇದನ್ನು ಮತ್ತೆ ಮಾಡು’ ಎಂಬ ಪಾಠ ಕಲಿಸುತ್ತದೆ. ಆ ಪಾಠಕ್ಕೆ ಜಾಗ, ಹೊತ್ತು, ವಾಸನೆ, ಜೊತೆಗಾರ ಎಲ್ಲವೂ ಅಂಟಿಕೊಳ್ಳುತ್ತವೆ. ಕುಡಿತ ಬಿಟ್ಟು ವರ್ಷವಾದವನಿಗೂ ಸಂಬಳದ ದಿನ ಸಂಜೆ ಬಸ್‌ಸ್ಟ್ಯಾಂಡ್ ಪಕ್ಕದ ಕಬಾಬಿನ ವಾಸನೆ ಬಂದರೆ ಬಾಯಲ್ಲಿ ನೀರೂರಬಹುದು. ಮನಸ್ಸು ಗಟ್ಟಿ ಇಲ್ಲದ್ದರಿಂದ ಹೀಗಾಯಿತು ಎಂದುಬಿಡುವುದು ಸುಲಭ. ಆದರೆ ಚಪಲಕ್ಕೆ ಕಡಿವಾಣ ಹಾಕಬೇಕಾದ ಮಿದುಳಿನ ಮುಂಭಾಗವೇ ವರ್ಷಗಳ ಕುಡಿತದಿಂದ ಸೊರಗಿರುತ್ತದೆ. ಅದು ಸುಧಾರಿಸಿಕೊಳ್ಳಲು ತಿಂಗಳುಗಳು ಬೇಕು. ಆಣೆ ಹಾಕಿಸಿದ ಮಾತ್ರಕ್ಕೆ ಅದು ಬೇಗ ಚಿಗುರುವುದಿಲ್ಲ.

2019ರಲ್ಲಿ ಕೇಂದ್ರ ಸಾಮಾಜಿಕ ನ್ಯಾಯ ಸಚಿವಾಲಯಕ್ಕಾಗಿ ದೆಹಲಿಯ ಏಮ್ಸ್‌ನ ತಜ್ಞರು ಪ್ರಕಟಿಸಿದ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಕುಡಿಯುವವರು ಸುಮಾರು 16 ಕೋಟಿ. ಅವರಲ್ಲಿ ಮದ್ಯಕ್ಕೆ ಪೂರ್ತಿ ಅಂಟಿಕೊಂಡವರು ಸುಮಾರು 2.9 ಕೋಟಿ. ಹೀಗೆ ಅಂಟಿಕೊಂಡವರ ಪೈಕಿ ಏನಾದರೊಂದು ಚಿಕಿತ್ಸೆ ಸಿಕ್ಕಿದ್ದು 38 ಜನರಲ್ಲಿ ಒಬ್ಬರಿಗೆ. ಆಸ್ಪತ್ರೆಯಲ್ಲಿ ಉಳಿದು ಚಿಕಿತ್ಸೆ ಪಡೆದವರು 180ರಲ್ಲಿ ಒಬ್ಬರು. ನಮ್ಮ ರಾಜ್ಯ ಸರ್ಕಾರ 2025–26ರ ಬಜೆಟ್‌ನಲ್ಲಿ ಅಬಕಾರಿಯಿಂದ 40,000 ಕೋಟಿ ರೂಪಾಯಿ ಬರಬೇಕೆಂದು ಗುರಿ ಇಟ್ಟುಕೊಂಡಿತ್ತು. ಅದೇ ಸರ್ಕಾರದ ಅಡಿಯಲ್ಲಿ ಮದ್ಯಪಾನ ಸಂಯಮ ಮಂಡಳಿ ಎಂಬುದೂ ಇದೆ. ಎರಡರಲ್ಲಿ ಯಾವುದರ ಕಚೇರಿ ದೊಡ್ಡದು ಎಂದು ನಾನು ಹೇಳಬೇಕಿಲ್ಲ.

ಉಳಿದ 37 ಜನ ಎಲ್ಲಿಗೆ ಹೋಗುತ್ತಾರೆ? ಕೆಲವರು ಎಲ್ಲಿಗೂ ಹೋಗುವುದಿಲ್ಲ. ಕೆಲವರನ್ನು ದೇವರ ಮುಂದೆ ನಿಲ್ಲಿಸಿ ಆಣೆ ಮಾಡಿಸುತ್ತಾರೆ. ಇನ್ನು ಕೆಲವರ ಮನೆಯವರು ಬಸ್‌ಸ್ಟ್ಯಾಂಡ್ ಗೋಡೆಯ ಮೇಲಿನ ‘ಕುಡಿಯುವವರಿಗೆ ತಿಳಿಯದಂತೆ ಕುಡಿತ ಬಿಡಿಸಿ’ ಎಂಬ ಚೀಟಿ ನೋಡಿ ಫೋನ್ ಮಾಡುತ್ತಾರೆ. ಪುಡಿ ಕೊರಿಯರ್‌ನಲ್ಲಿ ಬರುತ್ತದೆ, ಸಾಂಬಾರಿಗೆ ಬೆರೆಸಲು ಹೇಳುತ್ತಾರೆ. ಆ ಪುಡಿಯಲ್ಲಿ ಏನಿದೆ ಎಂದು ಪೊಟ್ಟಣದ ಮೇಲೆ ಬರೆದಿರುವುದಿಲ್ಲ. ಡೈಸಲ್ಫಿರಾಮ್ ಎಂಬ ಒಂದು ಔಷಧ ನಿಜಕ್ಕೂ ಇದೆ. 1940ರ ದಶಕದಲ್ಲಿ ಡೆನ್ಮಾರ್ಕ್‌ನಲ್ಲಿ ಇದರ ಗುಣ ಪತ್ತೆಯಾಯಿತು. ಇದನ್ನು ನುಂಗಿದವರು ಕುಡಿದರೆ ಮುಖ ಕೆಂಪೇರಿ, ಎದೆ ಡವಗುಟ್ಟಿ, ವಾಂತಿಯಾಗಿ, ರಕ್ತದೊತ್ತಡ ಕುಸಿಯುತ್ತದೆ. ತಿಳಿದು, ಒಪ್ಪಿ, ವೈದ್ಯರ ನಿಗಾದಲ್ಲಿ ತೆಗೆದುಕೊಂಡರೆ ಇದು ಒಳ್ಳೆಯ ಔಷಧ. ‘ಈವತ್ತು ಮಾತ್ರೆ ತಗೊಂಡಿದ್ದೀನಿ, ಕುಡಿಯೋ ಹಾಗಿಲ್ಲ’ ಎಂಬ ಭಯವೇ ಅದರ ಕೆಲಸ. ಗುಟ್ಟಾಗಿ ಸಾಂಬಾರಿಗೆ ಹಾಕಿದರೆ ಆ ಭಯವೇ ಇರುವುದಿಲ್ಲ, ಅವನು ಎಂದಿನಂತೆ ಕುಡಿಯುತ್ತಾನೆ. ಹೃದಯದ ತೊಂದರೆ ಇದ್ದವನಾದರೆ ಸತ್ತೂ ಹೋಗಬಹುದು. ಹೆಂಡತಿಯೋ ತಾಯಿಯೋ ತಾನೇ ಕೈಯಾರೆ ಕೊಟ್ಟೆ ಎಂದು ಆಮೇಲೆ ಜೀವನಪೂರ್ತಿ ಕೊರಗಬೇಕು. ಈ ಪುಡಿಗಳನ್ನು ದಯವಿಟ್ಟು ಮನೆಗೆ ತರಬೇಡಿ.

ಹಾಗಾದರೆ ಮೊದಲು ಎಲ್ಲಿಗೆ ಹೋಗಬೇಕು? ನನ್ನ ಉತ್ತರ ಅನೇಕರಿಗೆ ಸಪ್ಪೆ ಅನಿಸಬಹುದು: ಜಿಲ್ಲಾಸ್ಪತ್ರೆಯ ಮನೋರೋಗ ವಿಭಾಗದ ಹೊರರೋಗಿ ಚೀಟಿ. ಚೀಟಿಗೆ ಬಹಳವೇನೂ ಆಗುವುದಿಲ್ಲ. ಕರ್ನಾಟಕದಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಹಳೆಯ ಬೇರಿದೆ. 1980ರ ದಶಕದಲ್ಲಿ ನಿಮ್ಹಾನ್ಸ್ ಬಳ್ಳಾರಿಯಲ್ಲಿ ಮಾಡಿದ ಪ್ರಯೋಗವೇ 1996ರಲ್ಲಿ ದೇಶಕ್ಕೆಲ್ಲ ಮಾದರಿಯಾಯಿತು. ‘ಮನೋಚೈತನ್ಯ’ ಯೋಜನೆಯಲ್ಲಿ ತಾಲ್ಲೂಕು ಆಸ್ಪತ್ರೆಗಳಿಗೂ ಮಂಗಳವಾರದಂದು ಮನೋವೈದ್ಯರು ಬರುವ ಏರ್ಪಾಡಾಗಿದೆ. ನಿಮ್ಮ ತಾಲ್ಲೂಕಿಗೆ ಯಾವ ಮಂಗಳವಾರ ಬರುತ್ತಾರೆ ಎಂದು ಆಸ್ಪತ್ರೆಯಲ್ಲಿ ಕೇಳಿ. ಸರ್ಕಾರಿ ವೈದ್ಯಕೀಯ ಕಾಲೇಜುಗಳಲ್ಲಿ, ಧಾರವಾಡದ ಡಿಮ್ಹಾನ್ಸ್‌ನಲ್ಲಿ ಒಳರೋಗಿಯಾಗಿ ಸೇರಬಹುದು. ಬೆಂಗಳೂರಿನ ಹೊಸೂರು ರಸ್ತೆಯ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೆಂದೇ ಪ್ರತ್ಯೇಕ ಕೇಂದ್ರವಿದೆ. 2021ರಲ್ಲಿ ಅಲ್ಲಿನ ನಿರ್ದೇಶಕಿಯಾದ ಡಾ. ಪ್ರತಿಮಾ ಮೂರ್ತಿಯವರೇ ಈ ವಿಷಯದ ತಜ್ಞರು. ಕೇಂದ್ರ ಸರ್ಕಾರದ ನೆರವಿನಿಂದ ಸ್ವಯಂಸೇವಾ ಸಂಸ್ಥೆಗಳು ನಡೆಸುವ ಉಚಿತ ಪುನರ್ವಸತಿ ಕೇಂದ್ರಗಳೂ ಇವೆ.

ಹೊರರೋಗಿ ವಿಭಾಗಕ್ಕೇ ಮೊದಲು ಹೋಗಿ ಎನ್ನುವುದಕ್ಕೆ ಕಾರಣವಿದೆ. ಬಹಳ ಜನರಿಗೆ ಒಳಗೆ ಸೇರುವ ಅಗತ್ಯವೇ ಇರುವುದಿಲ್ಲ. ಮನೆಯಲ್ಲಿ ಒಬ್ಬರು ನೋಡಿಕೊಳ್ಳುವವರಿದ್ದರೆ, ಹಿಂದೆ ಫಿಟ್ಸ್ ಬಂದಿರದಿದ್ದರೆ, ಲಿವರ್ ತೀರಾ ಕೆಟ್ಟಿರದಿದ್ದರೆ ಮನೆಯಲ್ಲೇ ಮಾತ್ರೆ ನುಂಗಿ ಕುಡಿತ ಬಿಡಬಹುದು. ಆಸೆ ತಗ್ಗಿಸಲು ನಾಲ್ಟ್ರೆಕ್ಸೋನ್, ಅಕಾಂಪ್ರೊಸೇಟ್‌ನಂಥ ಔಷಧಗಳಿವೆ. ಇವು ತಿಂಗಳುಗಟ್ಟಲೆ ನಡೆಯಬೇಕು. ಇವುಗಳ ಹೆಸರನ್ನೇ ಕೇಳಿರದ ಮನೆಯವರು ಲಕ್ಷಾಂತರ ರೂಪಾಯಿ ಕೊಟ್ಟು ಗಂಡನನ್ನೋ ಮಗನನ್ನೋ ಆರು ತಿಂಗಳು ಎಲ್ಲೋ ಬಿಟ್ಟು ಬರುತ್ತಾರೆ. ವೈದ್ಯರು ಪರೀಕ್ಷಿಸಿ, ‘ಇವರಿಗೆ ಅಡ್ಮಿಷನ್ ಬೇಕು’ ಎಂದ ಮೇಲೆ ಜಾಗ ಹುಡುಕುವುದು ಸರಿಯಾದ ಕ್ರಮ.

ಈಗ ಖಾಸಗಿ ಕೇಂದ್ರಗಳ ಮಾತು. ಒಳ್ಳೆಯವು ಇವೆ. ನಮ್ಮ ನೆರೆಯಲ್ಲೇ ಎರಡು ದೊಡ್ಡ ಉದಾಹರಣೆಗಳಿವೆ. ಚೆನ್ನೈನಲ್ಲಿ ಗಂಡನನ್ನು ಕುಡಿತಕ್ಕೆ ಕಳೆದುಕೊಂಡ ಶಾಂತಿ ರಂಗನಾಥನ್ 1980ರಲ್ಲಿ ಕಟ್ಟಿದ ಟಿ.ಟಿ. ರಂಗನಾಥನ್ ಪ್ರತಿಷ್ಠಾನದ ಆಸ್ಪತ್ರೆ ಒಂದು. ಪುಣೆಯಲ್ಲಿ 1986ರಲ್ಲಿ ಡಾ. ಅನಿತಾ ಅವಚಟ್ ಮತ್ತು ಪತ್ರಕರ್ತ ಅನಿಲ್ ಅವಚಟ್ ಶುರುಮಾಡಿದ ಮುಕ್ತಾಂಗಣ ಇನ್ನೊಂದು. ಅಲ್ಲಿಗೆ ಸಾಹಿತಿ ಪು.ಲ. ದೇಶಪಾಂಡೆ ದಂಪತಿ ಹಣ ಕೊಟ್ಟು ಬೆನ್ನಿಗೆ ನಿಂತಿದ್ದರು. ಎರಡೂ ಕಡೆ ಮನೆಯವರಿಗೂ ಚಿಕಿತ್ಸೆಯಲ್ಲಿ ಪಾಲಿದೆ.

ಕೆಟ್ಟ ಕೇಂದ್ರಗಳೂ ಇವೆ. ಊರಾಚೆ ಬಾಡಿಗೆ ಮನೆ, ಕಿಟಕಿಗೆ ಸರಳು, ವೈದ್ಯರಿಲ್ಲ, ಹಿಂದೆ ಕುಡಿಯುತ್ತಿದ್ದು ಬಿಟ್ಟ ಒಬ್ಬರೇ ಎಲ್ಲಕ್ಕೂ ಅಧಿಕಾರಿ. ಫೋನ್ ಮಾಡಿದರೆ ‘ಪಿಕಪ್’ ಮಾಡುತ್ತಾರೆ, ಅಂದರೆ ರಾತ್ರಿ ವ್ಯಾನಿನಲ್ಲಿ ನಾಲ್ಕು ಜನ ಬಂದು ಎತ್ತಿಕೊಂಡು ಹೋಗುತ್ತಾರೆ. ಮನೆಯವರಿಗೆ ಒಂದು ರಾತ್ರಿಯಾದರೂ ನಿದ್ದೆ ಬರುತ್ತದೆ, ಅದು ನಿಜ. ಆದರೆ ಕುಡಿತ ನಿಂತ ಮೊದಲ ಮೂರು ದಿನ ಫಿಟ್ಸ್, ಡೆಲಿರಿಯಂ ಬರುವ ಹೊತ್ತು ಎಂಬುದನ್ನು ನೆನಪಿಡಿ. ಅಂಥ ಹೊತ್ತಿನಲ್ಲಿ ವೈದ್ಯರಿಲ್ಲದ ಮನೆಯಲ್ಲಿ ಬೀಗ ಹಾಕಿಡುವುದು ಜೀವದ ಜೊತೆ ಆಟವಾಡಿದಂತೆ. ನಡುಗುವವನನ್ನು ‘ನಾಟಕ’ ಎಂದು ಹೊಡೆಯುವ ಕಡೆಗಳೂ ಇವೆ.

ಕಾನೂನು ಈ ವಿಷಯದಲ್ಲಿ ಸ್ಪಷ್ಟವಾಗಿದೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಮದ್ಯ ಮತ್ತು ಮಾದಕ ವಸ್ತುಗಳ ದುರ್ಬಳಕೆಯಿಂದಾಗುವ ಸ್ಥಿತಿಯನ್ನೂ ಮಾನಸಿಕ ಕಾಯಿಲೆಯ ವ್ಯಾಖ್ಯೆಯೊಳಗೆ ತಂದಿದೆ. ಅಂಥವರನ್ನು ಇರಿಸಿಕೊಂಡು ಚಿಕಿತ್ಸೆ ಕೊಡುವ ಕೇಂದ್ರ ರಾಜ್ಯ ಮಾನಸಿಕ ಆರೋಗ್ಯ ಪ್ರಾಧಿಕಾರದಲ್ಲಿ ನೋಂದಣಿಯಾಗಿರಬೇಕು. ರೋಗಿ ತಾನೇ ಒಪ್ಪಿ ಸೇರಿದರೆ, ಬೇಡವೆಂದಾಗ ಹೊರಡುವ ಹಕ್ಕೂ ಅವನದೇ. ಒಪ್ಪದವನನ್ನು ಸೇರಿಸಲು ಒಬ್ಬ ಮನೋವೈದ್ಯ ಮತ್ತು ಇನ್ನೊಬ್ಬ ತಜ್ಞ ಅಥವಾ ವೈದ್ಯ ಪ್ರತ್ಯೇಕವಾಗಿ ಪರೀಕ್ಷಿಸಿರಬೇಕು. ತನಗೋ ಇತರರಿಗೋ ಅಪಾಯ ಮಾಡುವ ಸ್ಥಿತಿ, ಇಲ್ಲವೇ ತನ್ನನ್ನು ನೋಡಿಕೊಳ್ಳಲಾಗದ ಸ್ಥಿತಿ ಇರಬೇಕು. ಆಗಲೂ ಮೊದಲ ಅವಧಿ 30 ದಿನ ಮೀರುವ ಹಾಗಿಲ್ಲ. ಇದೇ ಕಾಯ್ದೆಯಡಿಯ ಮಾನಸಿಕ ಆರೋಗ್ಯ ಪರಿಶೀಲನಾ ಮಂಡಳಿಗೆ ತಿಳಿಸಲೇಬೇಕು. ಸರಪಳಿ ಕಟ್ಟುವಂತಿಲ್ಲ, ಬಲವಂತವಾಗಿ ತಲೆ ಬೋಳಿಸುವಂತಿಲ್ಲ, ದುಡಿಸುವಂತಿಲ್ಲ. ಕೆಲಸ ಮಾಡಿದರೆ ಕೂಲಿ ಕೊಡಬೇಕು. ಮನೆಯವರ ಜೊತೆ ಮಾತಾಡುವ, ಅವರು ಬಂದು ನೋಡುವ ಹಕ್ಕಿದೆ. ‘ಮೊದಲ ಒಂದು ತಿಂಗಳು ಫೋನೂ ಇಲ್ಲ, ಭೇಟಿಯೂ ಇಲ್ಲ’ ಎನ್ನುವ ಕೇಂದ್ರದಿಂದ ಎದ್ದು ಬನ್ನಿ.

ಸೇರಿಸುವ ಮುನ್ನ ಹೋಗಿ ಕಣ್ಣಾರೆ ನೋಡಿ. ಫೋಟೋದಲ್ಲಿ ಹುಲ್ಲುಹಾಸು, ಯೋಗ ಮಾಡುವವರ ಸಾಲು ಎಲ್ಲ ಕಡೆಯೂ ಇರುತ್ತದೆ. ನೋಂದಣಿ ಪತ್ರ ತೋರಿಸಲು ಕೇಳಿ. ಮನೋವೈದ್ಯರು ಯಾರು, ವಾರಕ್ಕೆ ಎಷ್ಟು ಸಲ ಬರುತ್ತಾರೆ, ರಾತ್ರಿ ನರ್ಸ್ ಇರುತ್ತಾರೆಯೇ, ಫಿಟ್ಸ್ ಬಂದರೆ ಯಾವ ಆಸ್ಪತ್ರೆಗೆ ಒಯ್ಯುತ್ತೀರಿ ಎಂದು ಕೇಳಿ. ಸೇರಿಸಿಕೊಳ್ಳುವಾಗ ಲಿವರ್, ಸಕ್ಕರೆ, ಹೃದಯದ ಪರೀಕ್ಷೆ ಮಾಡಿಸುತ್ತಾರೆಯೇ? ಮನೆಯವರ ಜೊತೆ ಆಪ್ತಸಮಾಲೋಚನೆ ಇದೆಯೇ? ಅಲ್ಲಿರುವ ರೋಗಿಗಳಲ್ಲಿ ಒಬ್ಬಿಬ್ಬರ ಜೊತೆ ಮಾತಾಡಲು ಬಿಡುತ್ತಾರೆಯೇ? ಹೆಂಗಸರಿಗೆ ಜಾಗ ಬೇಕಾದರೆ ಪ್ರತ್ಯೇಕ ವಾರ್ಡು, ಹೆಣ್ಣು ಸಿಬ್ಬಂದಿ ಇದ್ದಾರೆಯೇ ಎಂದು ವಿಚಾರಿಸಲೇಬೇಕು. ಕುಡಿಯುವ, ಮಾತ್ರೆಗೆ ಅಂಟಿಕೊಂಡ ಹೆಂಗಸರನ್ನು ಮನೆಯವರೇ ಬಚ್ಚಿಡುವುದರಿಂದ ಅವರಿಗೆಂದೇ ಇರುವ ಜಾಗಗಳು ಬಹಳ ಕಡಿಮೆ. ‘ನೂರಕ್ಕೆ ನೂರು ಗ್ಯಾರಂಟಿ’ ಎಂದರೆ ಅದು ಸುಳ್ಳು, ಅಲ್ಲಿಗೆ ಮಾತು ಮುಗಿಸಿ. ಕೊನೆಗೆ, ಬಿಡುಗಡೆಯಾದ ಮೇಲೆ ಮೊದಲ ಭೇಟಿ ಯಾವತ್ತು, ಅದಾದ ಮೇಲೆ ಎಷ್ಟು ದಿನಕ್ಕೊಮ್ಮೆ, ಬರದಿದ್ದರೆ ನೀವೇ ಫೋನ್ ಮಾಡುತ್ತೀರಾ ಎಂದು ಕೇಳಿ. ಇದಕ್ಕೆ ತಡವರಿಸದೆ ಉತ್ತರ ಕೊಡುವ ಕೇಂದ್ರ ಹಳೆಯ ಕಟ್ಟಡದಲ್ಲಿದ್ದರೂ ಒಳ್ಳೆಯದೇ.

ವಿಮೆಯ ಬಗ್ಗೆ ಒಂದು ಮಾತು. ಅದೇ 2017ರ ಕಾಯ್ದೆ ಮಾನಸಿಕ ಕಾಯಿಲೆಗೂ ಮೈ ಕಾಯಿಲೆಯಂತೆಯೇ ವಿಮೆ ಕೊಡಬೇಕು ಎನ್ನುತ್ತದೆ. ಆದರೂ ಹೆಚ್ಚಿನ ಆರೋಗ್ಯ ಪಾಲಿಸಿಗಳಲ್ಲಿ ಮದ್ಯ ಮತ್ತು ಮಾದಕ ವ್ಯಸನದ ಚಿಕಿತ್ಸೆಗೆ ಹಣವಿಲ್ಲ ಎಂಬ ಸಾಲು ಅಚ್ಚಾಗಿಯೇ ಇರುತ್ತದೆ. ಕಾಯಿಲೆ ಹೌದು, ವಿಮೆ ಇಲ್ಲ! ಪಾಲಿಸಿ ಓದಿಕೊಂಡೇ ಲೆಕ್ಕ ಹಾಕಿ.

ಕೇಂದ್ರಗಳಲ್ಲದೆ ನಮ್ಮ ನೆಲದಲ್ಲಿ ಇನ್ನೊಂದು ದಾರಿಯಿದೆ. ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆ ಮತ್ತು ಜನಜಾಗೃತಿ ವೇದಿಕೆ ಊರೂರಲ್ಲಿ ನಡೆಸುವ ಮದ್ಯವರ್ಜನ ಶಿಬಿರಗಳು. ಕಲ್ಯಾಣ ಮಂಟಪದಲ್ಲೋ ಸಮುದಾಯ ಭವನದಲ್ಲೋ ಎಂಟು ದಿನ ಶಿಬಿರ. ವ್ಯಾಯಾಮ, ಭಜನೆ, ಆಪ್ತಸಮಾಲೋಚನೆ, ಕೊನೆಗೆ ಮನೆಯವರ ಸಮ್ಮುಖದಲ್ಲಿ ಸಂಕಲ್ಪ. ಇದರಲ್ಲಿ ನನಗೆ ಮುಖ್ಯವಾಗಿ ಕಾಣುವುದು ಎಂಟು ದಿನದ ಆಚೆ ಇರುವ ‘ನವಜೀವನ ಸಮಿತಿ’. ಶಿಬಿರ ಮುಗಿಸಿದವರು ಆಮೇಲೂ ಸೇರುತ್ತಾರೆ, ಒಬ್ಬರು ಜಾರಿದರೆ ಇನ್ನೊಬ್ಬರಿಗೆ ಗೊತ್ತಾಗುತ್ತದೆ. ಫಿಟ್ಸ್ ಬಂದ ಇತಿಹಾಸವಿರುವವರು, ಬೆಳಿಗ್ಗೆಯಿಂದಲೇ ಕುಡಿಯುವವರು ಮಾತ್ರ ವೈದ್ಯರಿಗೆ ತೋರಿಸದೆ ಶಿಬಿರಕ್ಕೆ ಹೋಗಬಾರದು.

ಆಲ್ಕೊಹಾಲಿಕ್ಸ್ ಅನಾನಿಮಸ್, ಜನರ ಬಾಯಲ್ಲಿ ‘ಎಎ’, ಇದೇ ಕೆಲಸವನ್ನು ಇನ್ನೊಂದು ರೀತಿ ಮಾಡುತ್ತದೆ. 1935ರಲ್ಲಿ ಅಮೆರಿಕದ ಅಕ್ರನ್ ಪಟ್ಟಣದಲ್ಲಿ ಕುಡಿತದಿಂದ ಸೋತ ಒಬ್ಬ ಷೇರು ವ್ಯವಹಾರಸ್ಥ ಮತ್ತು ಒಬ್ಬ ಶಸ್ತ್ರವೈದ್ಯ ಎದುರುಬದುರು ಕೂತು ಮಾತಾಡಿದ್ದು ಅದರ ಆರಂಭ. ಬೆಂಗಳೂರಿನಲ್ಲಿ ಕನ್ನಡದಲ್ಲೂ ಸಭೆಗಳು ನಡೆಯುತ್ತವೆ. ಶುಲ್ಕವಿಲ್ಲ, ಪೂರ್ತಿ ಹೆಸರು ಕೇಳುವುದಿಲ್ಲ. ಮನೆಯವರಿಗೆ ‘ಅಲ್-ಅನಾನ್’ ಎಂಬ ಬೇರೆ ಗುಂಪಿದೆ. ಸಂಜೆ ಏಳಕ್ಕೆ ಹೋಗಲು ಬಾರಲ್ಲದ ಒಂದು ಜಾಗ ಸಿಗುವುದು ಸಣ್ಣ ಸಂಗತಿಯಲ್ಲ.

ಗಾಂಜಾ, ಮಾತ್ರೆ, ಸಿರಿಂಜುಗಳ ವಿಷಯದಲ್ಲಿ ಮನೆಯವರಿಗೆ ಪೊಲೀಸರ ಭಯವೂ ಸೇರಿಕೊಳ್ಳುತ್ತದೆ. ವೈದ್ಯರ ಹತ್ತಿರ ಹೋದರೆ ಹುಡುಗನ ಮೇಲೆ ಕೇಸಾಗುತ್ತದೆ ಎಂದು ಅಂಜುತ್ತಾರೆ. 1985ರ ಎನ್‌ಡಿಪಿಎಸ್ ಕಾಯ್ದೆಯ 64ಎ ಕಲಮು ಇದಕ್ಕೆ ತದ್ವಿರುದ್ಧ ಹೇಳುತ್ತದೆ. ಸೇವನೆ ಅಥವಾ ಸಣ್ಣ ಪ್ರಮಾಣದ ಪ್ರಕರಣದಲ್ಲಿ ಸಿಕ್ಕಿಬಿದ್ದ ವ್ಯಸನಿ ತಾನಾಗಿ ಚಿಕಿತ್ಸೆಗೆ ಮುಂದಾಗಿ, ಅದನ್ನು ಪೂರ್ತಿಗೊಳಿಸಿದರೆ ವಿಚಾರಣೆಯಿಂದ ರಕ್ಷಣೆ ಸಿಗುತ್ತದೆ. ಗಾಂಜಾ ಬಿಡಿಸಲೆಂದೇ ಒಪ್ಪಿತವಾದ ಮಾತ್ರೆ ಇಲ್ಲ. ಅಲ್ಲಿ ಆಪ್ತಸಮಾಲೋಚನೆಯೇ ಚಿಕಿತ್ಸೆ. ಹದಿಹರೆಯದಲ್ಲಿ ಶುರುಮಾಡಿದ ಕೆಲವರಿಗೆ ಸಂಶಯ, ಕಿವಿಯಲ್ಲಿ ದನಿ ಕೇಳುವುದು ಮುಂತಾದ ತೊಂದರೆ ಕಾಣಿಸಿಕೊಳ್ಳುತ್ತದೆ. ಅವರನ್ನು ತಡಮಾಡದೆ ಮನೋವೈದ್ಯರ ಬಳಿ ಕರೆದೊಯ್ಯಬೇಕು. ಹೆರಾಯಿನ್, ನೋವಿನ ಮಾತ್ರೆಗಳಂಥ ಅಫೀಮು ಜಾತಿಯ ವಸ್ತುಗಳಿಗೆ ಬುಪ್ರೆನಾರ್ಫಿನ್ ಎಂಬ ಔಷಧ ವರ್ಷಗಟ್ಟಲೆ ಕೊಡುವ ಪದ್ಧತಿಯಿದೆ. ‘ಒಂದು ಚಟ ಬಿಡಿಸಿ ಇನ್ನೊಂದು ಹಿಡಿಸಿದಂತೆ’ ಎಂದು ಮೂಗು ಮುರಿಯುವವರಿದ್ದಾರೆ. ಆ ಔಷಧದಿಂದ ಹುಡುಗರು ಬದುಕಿ ಉಳಿಯುತ್ತಾರೆ, ಕೆಲಸಕ್ಕೆ ಹೋಗುತ್ತಾರೆ. ಅದಿಲ್ಲದೆ ಮೂರು ತಿಂಗಳು ಕೂಡಿಹಾಕಿ ಹೊರಗೆ ಬಿಟ್ಟರೆ ಅಪಾಯ ಹೆಚ್ಚು: ಮೈಗೆ ಹಳೆಯ ಪ್ರಮಾಣ ತಡೆಯುವ ಶಕ್ತಿ ಹೋಗಿರುತ್ತದೆ, ಮೊದಲಿನಷ್ಟೇ ಚುಚ್ಚಿಕೊಂಡವನ ಉಸಿರು ನಿಲ್ಲುತ್ತದೆ.

ಮತ್ತೆ ಕುಡಿದರೆ? ಕುಡಿಯುವ ಸಾಧ್ಯತೆ ಇದೆ. ವ್ಯಸನದ ಚಿಕಿತ್ಸೆ ಪಡೆದವರಲ್ಲಿ ನೂರಕ್ಕೆ 40ರಿಂದ 60 ಜನ ಒಮ್ಮೆಯಾದರೂ ಮರಳಿ ಜಾರುತ್ತಾರೆ ಎಂದು ಅಧ್ಯಯನಗಳು ಹೇಳುತ್ತವೆ. ರಕ್ತದೊತ್ತಡ, ಅಸ್ತಮಾದವರು ಪಥ್ಯ, ಮಾತ್ರೆ ತಪ್ಪಿಸಿ ಮತ್ತೆ ಹದಗೆಡುವ ಪ್ರಮಾಣ ಇದಕ್ಕಿಂತ ಕಡಿಮೆಯೇನಲ್ಲ. ಬಿಪಿ ಏರಿದವನಿಗೆ ‘ನಿನಗೆ ಹಾಕಿದ ದುಡ್ಡೆಲ್ಲ ಹೊಳೆಗೆ’ ಎಂದು ಯಾರೂ ಬಯ್ಯುವುದಿಲ್ಲ, ಡಾಕ್ಟರ ಹತ್ತಿರ ಕರೆದುಕೊಂಡು ಹೋಗುತ್ತಾರೆ. ಇಲ್ಲೂ ಮಾಡಬೇಕಾದ್ದು ಅದೇ, ಮತ್ತು ಬೇಗ ಮಾಡಬೇಕು. ಒಂದು ದಿನದ ಜಾರುವಿಕೆಗೂ ಒಂದು ತಿಂಗಳ ಕುಡಿತಕ್ಕೂ ಬಹಳ ಅಂತರವಿದೆ. ಹೆದರಿ ಮುಚ್ಚಿಟ್ಟರೆ ಮೊದಲನೆಯದು ಎರಡನೆಯದಾಗುತ್ತದೆ.

ಮನೆಯವರ ಬಗ್ಗೆ ಬರೆಯದೆ ಈ ಮಾತು ಮುಗಿಯುವುದಿಲ್ಲ. 2019ರ ಜನವರಿಯಲ್ಲಿ ರಾಯಚೂರು ಮುಂತಾದ ಕಡೆಯ ಸಾವಿರಾರು ಹೆಂಗಸರು ಮದ್ಯ ನಿಷೇಧ ಕೇಳಿಕೊಂಡು ಚಿತ್ರದುರ್ಗದಿಂದ ಬೆಂಗಳೂರಿಗೆ ನಡೆದು ಬಂದರು. ನಿಷೇಧದ ಬಗ್ಗೆ ಏನೇ ಅಭಿಪ್ರಾಯವಿರಲಿ, ಅಷ್ಟು ದೂರ ನಡೆಸಿದ ನೋವು ಸುಳ್ಳಲ್ಲ. 2007ರ ಜುಲೈ 1ರಿಂದ ರಾಜ್ಯದಲ್ಲಿ ಸಾರಾಯಿ ನಿಂತಿತು, ಕುಡಿತ ನಿಲ್ಲಲಿಲ್ಲ. ಕುಡಿತ ಹೊಕ್ಕ ಮನೆಯ ಹೆಂಗಸಿಗೆ ‘ನೀನು ಚೆನ್ನಾಗಿ ನೋಡಿಕೊಂಡಿದ್ದರೆ ಅವನು ಕುಡಿಯುತ್ತಿದ್ದನೇ?’ ಎಂದು ಅತ್ತೆಯಿಂದ ಹಿಡಿದು ಅಂಗಡಿಯವನವರೆಗೆ ಎಲ್ಲರೂ ಹೇಳುತ್ತಾರೆ. ಆಕೆಗೆ ನಾನು ಹೇಳುವುದಿಷ್ಟು: ತಾಯಿ, ನಿಮ್ಮಿಂದಾಗಿ ಈ ಕಾಯಿಲೆ ಬಂದಿಲ್ಲ. ಅವನ ಸಾಲ ತೀರಿಸುವುದು, ಕೆಲಸದ ಕಡೆ ಸುಳ್ಳು ರಜೆ ಹೇಳುವುದು ನಿಲ್ಲಿಸಬಹುದು. ಕುಡಿದು ಬಂದ ರಾತ್ರಿ ವಾದಕ್ಕಿಳಿಯಬೇಡಿ. ಬೆಳಿಗ್ಗೆ ಇಳಿದ ಮೇಲೆ, ಅವನೇ ಬೇಸರದಲ್ಲಿರುವಾಗ, ‘ನಾಳೆ ಆಸ್ಪತ್ರೆಗೆ ಹೋಗಿ ಬರೋಣ’ ಎಂಬ ಒಂದೇ ಮಾತು ಹೇಳಿ. ಹೊಡೆತ ಬಿದ್ದರೆ ಸಹಿಸಿಕೊಂಡು ಕೂರುವ ಕಾರಣವಿಲ್ಲ, ಪೊಲೀಸರಿದ್ದಾರೆ, ಕಾನೂನಿದೆ.

ಅವನು ಬರಲೊಪ್ಪದಿದ್ದರೆ ನೀವೊಬ್ಬರೇ ಹೋಗಿ. ಜಿಲ್ಲಾಸ್ಪತ್ರೆಯ ಮನೋವೈದ್ಯರು ಮನೆಯವರ ಜೊತೆ ಮಾತಾಡುತ್ತಾರೆ, ಮುಂದೇನು ಮಾಡಬೇಕೆಂದು ಹೇಳುತ್ತಾರೆ. ಹೋಗಲಾಗದಿದ್ದರೆ ಟೆಲಿ ಮಾನಸ್‌ನ 14416 ಸಂಖ್ಯೆಗೆ ಹಗಲು ರಾತ್ರಿ ಯಾವಾಗ ಬೇಕಾದರೂ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡುತ್ತಾರೆ. ಮಾದಕ ವ್ಯಸನಕ್ಕೆಂದೇ ಇರುವ ಕೇಂದ್ರ ಸರ್ಕಾರದ ಸಹಾಯವಾಣಿ 14446. ಬೀಡಿ, ಗುಟ್ಕಾ ಬಿಡಬೇಕೆನ್ನುವವರಿಗೆ 1800-11-2356. ಎಲ್ಲವೂ ಉಚಿತ. ಯಾವುದೇ ಕೇಂದ್ರಕ್ಕೆ ಮುಂಗಡ ಕಟ್ಟುವ ಮೊದಲು ಇವುಗಳಲ್ಲಿ ಒಂದಕ್ಕೆ ಕರೆ ಮಾಡಿ.